ಚಹಾ ಕೂಡ ಕೊಡದೆ ಹಸಿವು ತರಿಸಿದವರು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆ ಉಂಟು. ಎದುರಿನ ಹೋಟೆಲಿನವನ ಮೇಲೆ ಪಟ್ಟರೆ ಜನ ಒಪ್ಪುತ್ತಾರೆ. ನನ್ನದು ಹೆಂಡತಿಯ ಕೌನ್ಸೆಲರ್ ಮೇಲೆ. ಬೇರೆ ಯಾರಿಗೆ ಹೇಳಲಿ, ನಿಮಗೇ ಹೇಳುತ್ತೇನೆ.

ವಿಕ್ರೋಳಿ ಸ್ಟೇಷನ್ ಹತ್ತಿರ ನನ್ನದೊಂದು ಸಣ್ಣ ಹೋಟೆಲು. ಗ್ಲಾಸು ತೊಳೆಯುವುದರಿಂದ ಶುರುಮಾಡಿ ಗಲ್ಲಾದ ಹಿಂದೆ ಕೂತವನು ನಾನು. ಏಳಕ್ಕೆ ಇಡ್ಲಿ, ಹನ್ನೆರಡೂವರೆಗೆ ಊಟ, ನಾಲ್ಕಕ್ಕೆ ಚಹಾ. ಅರ್ಧ ವಿಕ್ರೋಳಿಗೆ ಯಾವಾಗ ಹಸಿವಾಗುತ್ತದೆಂದು ಗಡಿಯಾರ ನೋಡದೆ ಹೇಳಬಲ್ಲೆ. ಮನೆಯಲ್ಲಿ ಒಬ್ಬಳ ಹಸಿವು ಮಾತ್ರ ನನ್ನ ಕೈಗೆ ಸಿಗಲಿಲ್ಲ. ಕಳೆದ ವರ್ಷ ನನ್ನ ಹೆಂಡತಿ ವಾರಿಜಾಳ ಗಡಿಯಾರವೇ ಕೆಟ್ಟಿತು. ಮೂರಕ್ಕೇ ಎಚ್ಚರ, ಹಗಲೆಲ್ಲ ಮಂಪರು, ತಟ್ಟೆ ಮುಂದಿಟ್ಟರೆ ಗೋಡೆ ನೋಡುವುದು. ಡಾಕ್ಟರು ಖಿನ್ನತೆ ಎಂದರು. ನಾನು ಸಲಹೆಗೆ ಕಡಿಮೆ ಮಾಡಲಿಲ್ಲ. ಜೀರಿಗೆ ಕಷಾಯ ಕುಡಿ, ಸೀರಿಯಲ್ ನೋಡುವುದು ಬಿಡು, ಕಾಂದಿವಲಿಯ ನಿನ್ನ ಅಕ್ಕನನ್ನು ನೋಡು, ಎರಡು ಆಪರೇಷನ್ ಆದರೂ ಹೇಗೆ ನಗುತ್ತಾಳೆ ಎಂದೆ.

ಕೊನೆಗೆ ಆ ಅಕ್ಕನೇ ಅವಳನ್ನು ಪರೇಲಿನ ಕೌನ್ಸೆಲರ್ ಬಳಿ ಕರೆದುಕೊಂಡು ಹೋದಳು. ವಾರಕ್ಕೊಮ್ಮೆ ಮುಕ್ಕಾಲು ಗಂಟೆ. ಒಂದು ದಿನ ನಾನೂ ಜೊತೆಗೆ ಹೋದೆ. ಎರಡು ಕುರ್ಚಿ, ಒಂದು ಲೋಟ ನೀರು, ಅಷ್ಟೇ. ಕಷಾಯವಿಲ್ಲ, ಬಂದವರಿಗೆ ಚಹಾ ಬೇಕೇ ಎಂದು ಕೇಳುವ ಪದ್ಧತಿಯೂ ಇಲ್ಲ. ತಾನು ಹೆಚ್ಚಾಗಿ ಕೇಳಿಸಿಕೊಳ್ಳುತ್ತೇನೆ ಎಂದರು ಆಕೆ. ನಾನು ಬಿಡುವವನೇ? ಮಾತಾಡುವ ಕೆಲಸವೆಲ್ಲ ನಮ್ಮವಳೇ ಮಾಡುವುದಾದರೆ ರೇಟು ಸ್ವಲ್ಪ ನೋಡಿ ಎಂದೆ. ಆಕೆ ನಕ್ಕರು. ಇಳಿಸಲಿಲ್ಲ.

ಮೂರು ತಿಂಗಳಾಗುವಷ್ಟರಲ್ಲಿ ವಾರಿಜಾ ಹತ್ತಕ್ಕೆ ಮಲಗಿ ಆರಕ್ಕೆ ಏಳತೊಡಗಿದಳು. ಬೆಳಗಿನ ಬಿಸಿಲಿಗೆ ಬಿಲ್ಡಿಂಗಿನ ಸುತ್ತ ನಾಲ್ಕು ಸುತ್ತು. ಒಂದು ಮಧ್ಯಾಹ್ನ ತಾನಾಗಿ ಹೋಟೆಲಿಗೆ ಬಂದು, ಹಸಿವಾಗುತ್ತಿದೆ ಎಂದಳು. ಆ ಒಂದು ಮಾತಿಗೆ ವರ್ಷವಿಡೀ ಕಾದಿದ್ದೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹಸಿವು ಪರೇಲಿನಿಂದ ಬಂದದ್ದೆಂದು ನೆನಪಾಗಿ, ಬಡಿಸುವ ಕೈ ಸ್ವಲ್ಪ ಬಿಗಿಯಾಯಿತು. ಅವಳ ನಿದ್ದೆ ಮರಳಿತು, ನನ್ನದು ಹೋಯಿತು. ಅಲ್ಲಿ ಹೇಳುವುದನ್ನು ಇವಳು ನನಗೇಕೆ ಹೇಳುವುದಿಲ್ಲ?

ಮೊನ್ನೆ ಅವಳು ಹೋಟೆಲಲ್ಲಿ ಉಣ್ಣುತ್ತಿರುವಾಗ ಕೇಳಿಯೇಬಿಟ್ಟೆ. "ಆಕೆಗೆ ಹೇಳುವಂಥದ್ದು, ನನಗೆ ಹೇಳಬಾರದ್ದು ಏನುಂಟು? ಅಮ್ಮನ ನೆನಪಾ, ಮಂಡಿನೋವಾ, ನನ್ನ ಮೇಲೆ ಸಿಟ್ಟಾ?" ಹೋಟೆಲಿನವರ ಅಭ್ಯಾಸ ನೋಡಿ, ಗಿರಾಕಿ ಬಾಯಿ ತೆರೆಯುವ ಮೊದಲೇ ಏನೇನುಂಟೆಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ.

ಅವಳು ತುತ್ತು ನುಂಗಿ ಹೇಳಿದಳು. "ಎಲ್ಲ ಮೊದಲು ನಿಮಗೇ ಹೇಳಲು ಹೊರಟದ್ದು ಮಾರಾಯ್ರೆ. ನಾನು ಶುರುಮಾಡುವಷ್ಟರಲ್ಲಿ ನೀವು ಮುಂದಿನ ಟೇಬಲ್ಲಿಗೆ ಹೋಗಿ ಆಗಿರುತ್ತಿತ್ತು."

ಇದಕ್ಕೆ ನನ್ನ ಬಳಿ ಮೂರು ಉತ್ತರ ತಯಾರಿದ್ದವು. ಒಂದನ್ನೂ ಆಡದೆ ಎದುರಿನ ಕುರ್ಚಿ ಎಳೆದು ಕೂತೆ. ಅವಳು ಹೇಳತೊಡಗಿದಳು. ಏನೆಂದು ನಿಮಗೆ ಹೇಳುವುದಿಲ್ಲ. ಐದು ನಿಮಿಷವಾಗಿರಬಹುದು, ಜೀರಿಗೆ ಕಷಾಯ ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ವಾರಿಜಾ ಮಾತು ನಿಲ್ಲಿಸದೆ ತನ್ನ ನೀರಿನ ಲೋಟವನ್ನು ನನ್ನತ್ತ ಸರಿಸಿದಳು. ಪರೇಲಿನ ಆ ಲೋಟ ಹೇಳುವವರಿಗಲ್ಲ, ಕೇಳುವವರಿಗೆ ಎಂದು ಆಗ ತಿಳಿಯಿತು. ಅವಳು ಮುಗಿಸುವಷ್ಟರಲ್ಲಿ ನಾನು ನಾಲ್ಕು ಲೋಟ ಕುಡಿದಿದ್ದೆ. ಪರೇಲಿನವರ ಆ ರೇಟು ಹೆಚ್ಚೇನಲ್ಲ.