ಬಿಳಿಗೆ ಎರಡು ಹನಿ ಹಳದಿ

ನನ್ನ ಕಣ್ಣು ತಪ್ಪುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಿರುವ ಈ ಮಹಾಪುರುಷನಿಗೆ ಬಿಳಿಯಲ್ಲೇ ಹದಿನೇಳು ಬಗೆ ಗೊತ್ತು! ಯಜಮಾನರು ಬಣ್ಣ ಬೆರೆಸುವ ಯಂತ್ರ ತಂದು ನಿಲ್ಲಿಸಿದ ದಿನವೇ ಅದರ ಮೇಲೆ ನನ್ನ ಟವಲ್ ಒಣಹಾಕಿ, ಅದಕ್ಕೂ ಒಂದು ಉಪಯೋಗ ಕಂಡುಹಿಡಿದಿದ್ದೆ. ಪ್ರಾಣ ಹೋದರೂ ಅದರ ಗುಂಡಿ ಒತ್ತುವುದಿಲ್ಲವೆಂದು ನಾನು ಶಪಥ ಮಾಡಿದ ವಾರದಲ್ಲೇ, ಪಕ್ಕದ ಬೀದಿಯ ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಬಿಳಿ ಬಣ್ಣ ಬೇಕೆಂದು ಫೋನ್ ಮಾಡಿದರು.

ಬರೀ ಬಿಳಿ ಕೊಟ್ಟರೆ ನನ್ನ ಕಲೆಗೆ ಅವಮಾನವಲ್ಲವೇ? ಪ್ರತಿ ಡಬ್ಬಕ್ಕೂ ಎರಡು ಹನಿ ಹಳದಿ ಬಿಟ್ಟು ಕಲಕಿದೆ. ಹನಿ ಎಂದರೆ ನನ್ನ ಅಳತೆಯ ಹನಿ. ಸಾಮಾನ್ಯ ಜನ ಅದನ್ನು ಲೋಟ ಎನ್ನುತ್ತಾರೆ.

ಆಮೇಲೆ ಹತ್ತು ದಿನಕ್ಕೆ ನನಗೆ ಊಟ ಸೇರದಾಯಿತು. ಅಡುಗೆಮನೆಯ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಹೆಂಡತಿ ನನ್ನ ಗಲ್ಲ ಹಿಡಿದು ಕಿಟಕಿಯತ್ತ ತಿರುಗಿಸಿದಳು.

"ರೀ, ಕಣ್ಣು ಹಳದಿ ಆಗಿದೆ."

"ಹಳದಿ ಅಲ್ಲ ಕಣೇ, ಆನೆ ದಂತದ ಬಣ್ಣ. ನಿನಗಿದೆಲ್ಲ ತಿಳಿಯಲ್ಲ."

"ಆನೆ ಆಮೇಲೆ. ಮೊದಲು ಡಾಕ್ಟ್ರ ಹತ್ರ ಹೋಗಿಬನ್ನಿ."

ಹೋದೆ. ಬಣ್ಣ ಬೆರೆಸಿದವನು ನಾನೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಅವರು ನನ್ನ ಕಣ್ಣು ನೋಡಿದರು, ಗೋಡೆ ನೋಡಿದರು, ನಿಟ್ಟುಸಿರು ಬಿಟ್ಟರು.

"ಅಜೀರ್ಣ ಅಷ್ಟೇ, ಹೋಗಿ. ಈ ಗೋಡೆಗೆ ಬಣ್ಣ ಬಳಿದಾಗಿಂದ ಇಲ್ಲಿ ಕೂತೋರೆಲ್ಲ ಹಳದಿನೇ. ಹೋದ ವಾರ ಹನ್ನೊಂದು ಜನಕ್ಕೆ ರಕ್ತಪರೀಕ್ಷೆ ಮಾಡಿಸಿದೆ, ಎಲ್ಲರೂ ಗಟ್ಟಿಮುಟ್ಟು. ನಿನ್ನೆ ಕನ್ನಡಿ ನೋಡ್ಕೊಂಡು ನಾನೇ ಹೆದರಿಬಿಟ್ಟೆ. ನಿಮ್ಮ ಯಜಮಾನ್ರಿಗೆ ಹೇಳಿದ್ದೀನಿ, ಬೆರೆಸಿದ ಪುಣ್ಯಾತ್ಮ ಯಾರೋ, ಅವನನ್ನ ಮೊದಲು ಕೆಲಸದಿಂದ ತೆಗೀರಿ ಅಂತ."

ನಾನು ಆ ಪುಣ್ಯಾತ್ಮನನ್ನು ಮನಸಾರೆ ಬೈದು, ಅಜೀರ್ಣದ ಮಾತ್ರೆ ತೆಗೆದುಕೊಂಡು ಮನೆಗೆ ಬಂದೆ.

ಎರಡು ದಿನಕ್ಕೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಮೈಯೆಲ್ಲ ತುರಿಕೆ. ಈ ಸಲ ಹೆಂಡತಿಯೇ ದರದರ ಎಳೆದುಕೊಂಡು ಹೋಗಿ, ಕ್ಲಿನಿಕ್ಕಿನ ಹೊರಗೆ ಬಿಸಿಲಲ್ಲಿ ನಿಲ್ಲಿಸಿ, ಡಾಕ್ಟರನ್ನು ಹೊರಗೆ ಕರೆದಳು.

"ಇಲ್ಲೇ ನೋಡಿ ಡಾಕ್ಟ್ರೇ. ಒಳಗಡೆ ಗೊತ್ತಾಗಲ್ಲ, ಆ ಬಣ್ಣ ಬೆರೆಸಿದ್ದು ಇವರೇ."

ಡಾಕ್ಟರು ನನ್ನ ರೆಪ್ಪೆ ಎಳೆದ ರಭಸದಲ್ಲಿ ವೈದ್ಯಕೀಯವಲ್ಲದ್ದೂ ಸ್ವಲ್ಪ ಇತ್ತು. ರಕ್ತಪರೀಕ್ಷೆಯಲ್ಲಿ ಕಾಮಾಲೆ ಅಪ್ಪಟವಾಗಿ ಬಂತು.

"ಹಳೇ ರಕ್ತಕಣ ಒಡೆದಾಗ ಒಂದು ಹಳದಿ ಪದಾರ್ಥ ಹುಟ್ಟುತ್ತೆ. ಅದನ್ನ ಹೊರಗೆ ಕಳಿಸೋದು ಲಿವರ್ ಕೆಲಸ. ನಿಮ್ಮ ಲಿವರ್‌ಗೆ ಸೋಂಕು ತಗಲಿ ಕೆಲಸ ನಿಧಾನ ಆಗಿದೆ. ನೀರು ಎಲ್ಲಿಯದು ಕುಡೀತೀರಿ?"

ಅಂಗಡಿಯ ಹಿತ್ತಲ ತೊಟ್ಟಿಯದು. ಕುದಿಸಿದ ನೀರು ಹೇಡಿಗಳಿಗೆ ಎಂದು ಅದೇ ತೊಟ್ಟಿಯ ಪಕ್ಕ ನಿಂತು ಭಾಷಣ ಮಾಡಿದವನು ನಾನು. ತಲೆ ತಗ್ಗಿಸಿದೆ.

ಆದರೆ ತಗ್ಗಿದ ತಲೆಯಲ್ಲೇ ಒಂದು ಉಪಾಯ ಹೊಳೆಯಿತು. ಗೋಡೆಯ ವಿಷಯಕ್ಕೆ ಯಜಮಾನರು ನನ್ನನ್ನು ಕೆಲಸದಿಂದ ತೆಗೆಯುವುದು ಖಂಡಿತ ಎಂದು ಭಯವಾಗಿತ್ತಲ್ಲ, ಕಾಮಾಲೆ ದೇವರಂತೆ ಬಂದಿದೆ!

"ಡಾಕ್ಟ್ರೇ, ಕಾಯಿಲೆಯಿಂದ ನನಗೆ ಎಲ್ಲಾ ಹಳದಿಯಾಗಿ ಕಾಣ್ತಿತ್ತು ಅಂತ ಒಂದು ಚೀಟಿ ಬರೆದುಕೊಡಿ."

"ಕಾಮಾಲೆ ಬಂದೋರು ನಮಗೆ ಹಳದಿಯಾಗಿ ಕಾಣ್ತಾರೆ. ಅವರಿಗೆ ಲೋಕ ಹಾಗೆ ಕಾಣಲ್ಲ."

"ಅಲ್ಲಾ, ಎಲ್ಲಾ ಹಳದಿ ಕಂಡಿದ್ರೆ, ಅದರ ಮೇಲೆ ಮತ್ತೆ ಹಳದಿ ಯಾಕ್ರೀ ಸುರೀತಿದ್ರಿ?" ಎಂದಳು ಹೆಂಡತಿ. ಮೂವತ್ತು ವರ್ಷ ವಕಾಲತ್ತು ಮಾಡಿದವರೂ ಇಷ್ಟು ಅಚ್ಚುಕಟ್ಟಾಗಿ ಕೇಳಲಾರರು.

ಡಾಕ್ಟರು ಚೀಟಿ ಬರೆದೇ ಕೊಟ್ಟರು: ಕಾಮಾಲೆ, ನಾಲ್ಕು ವಾರ ವಿಶ್ರಾಂತಿ. ದೃಷ್ಟಿ ಸಂಪೂರ್ಣ ಸರಿಯಾಗಿದೆ. ಕೊನೆಯ ಸಾಲಿನ ಕೆಳಗೆ ಎರಡು ಗೆರೆ.

ಆ ನಾಲ್ಕು ವಾರ ಹೆಂಡತಿಯ ರಾಜ್ಯಭಾರ. ಕುದಿಸಿ ಆರಿಸಿದ ನೀರು, ಹಗುರ ಊಟ, ಗಂಟೆಗೊಮ್ಮೆ ಸೋಪಿನಲ್ಲಿ ಕೈ ತೊಳೆಯುವುದು. ನಾನಾಗಿ ಮಾತ್ರೆ ನುಂಗುವಂತಿಲ್ಲ, ಹೆಂಡ ಮುಟ್ಟುವಂತಿಲ್ಲ. ನೋಡಲು ಬಂದ ಭಾವಮೈದುನ ಯಾವುದೋ ಬೇರಿನ ರಸದ ಸೀಸೆ ತಂದಿದ್ದ; ಅವಳು ಅದನ್ನು ಅವನ ಚೀಲಕ್ಕೇ ವಾಪಸು ಹಾಕಿದಳು. ರಾತ್ರಿ ನಾನು ಮಗ್ಗುಲಾದಾಗಲೆಲ್ಲ ಎದ್ದು ಹಣೆ ಮುಟ್ಟಿ ನೋಡುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು.

ಕೊನೆಯ ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಹೋಗಿದೆ ಎಂದಾದ ಮೇಲೆ ಅಂಗಡಿಗೆ ಹೋದೆ. ಯಂತ್ರದ ಮೇಲೆ ನನ್ನ ಟವಲ್ ಇರಲಿಲ್ಲ. ಯಂತ್ರ ಗುರ್ ಎನ್ನುತ್ತ ಅಪ್ಪಟ ಬಿಳಿ ಉಗುಳುತ್ತಿತ್ತು. ಅದರ ಎರಡು ಡಬ್ಬ ಆಗಲೇ ಡಾಕ್ಟರ ಗೋಡೆ ಸೇರಿತ್ತಂತೆ.

"ಕೆಲಸದಿಂದ ತೆಗೀತೀರಾ ಯಜಮಾನ್ರೇ?"

"ಇಲ್ಲಪ್ಪ, ನಿನಗೆ ಬೇರೆ ಕೆಲಸ ಇಟ್ಟಿದ್ದೀನಿ," ಎಂದು ಅವರು ಒಂದು ದೊಡ್ಡ ಪಾತ್ರೆ, ಒಂದು ಸ್ಟವ್ ತೋರಿಸಿದರು. "ಇವತ್ತಿಂದ ಅಂಗಡಿಯವರಿಗೆಲ್ಲ ಕುಡಿಯೋ ನೀರು ಕುದಿಸೋದು ನೀನು."

ಬದುಕಿದೆ ಎಂದುಕೊಂಡು ಸ್ಟವ್ ಹಚ್ಚಿದೆ. ಯಜಮಾನರು ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ನೀರು ಹೇಗಿದೆಯೋ ಹಾಗೇ ಇರಲಿ. ಎರಡು ಹನಿ ಏನೂ ಬೆರೆಸಬೇಡ."