ಪೆಟ್ರೋಲ್ ಕುಡಿದು ಕೂತ ಬೀಗರ ಕಾರು

ನಮ್ಮ ಬೀಗರು ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಅವರ ಪಾಲಿನದನ್ನೂ ಅವರ ಕಾರೇ ಕುಡಿಯುತ್ತೆ!

ಬೀಗರು ಅಂದರೆ ನನ್ನ ಸೊಸೆಯ ಅಪ್ಪ. ಹೊಸದುರ್ಗದ ಆಚೆ ಶ್ರೀರಾಂಪುರದವರು, ತೆಂಗಿನ ತೋಟದವರು. ತೋಟದಲ್ಲಿ ಎಷ್ಟು ಮರ ಅವೆ ಅಂದರೆ ತಲೆ ಕೆರ್ಕೊಳ್ತಾರೆ. ಕಾರಿನಲ್ಲಿ ಎಷ್ಟು ನಟ್ಟು ಅವೆ ಅಂದರೆ ಥಟ್ಟಂತ ಹೇಳ್ತಾರೆ. ಗುಂಡು ಮೂಗಿನ ಹಳೇ ಕಾರು, ನನ್ನ ಮಗನಿಗಿಂತ ವಯಸ್ಸಲ್ಲಿ ದೊಡ್ಡದು. ಮಳೆ ಬಂದರೆ ಮೊದಲು ಅದಕ್ಕೆ ಟಾರ್ಪಾಲು ಹೊದಿಸ್ತಾರೆ, ಆಮೇಲೆ ಕೊಬ್ಬರಿ ಒಳಗೆ ಹಾಕ್ತಾರೆ, ಕೊನೆಗೆ ಹೆಂಡತೀನ ಒಳಗೆ ಕರೀತಾರೆ. ಇದು ನನ್ನ ಮಾತಲ್ಲ, ಬೀಗಿತ್ತಿಯವರೇ ಹೇಳಿದ್ದು!

ಈಗ ವಿಷಯಕ್ಕೆ ಬರ್ತೀನಿ. ನನಗೆ ಮೊಮ್ಮಗಳು ಹುಟ್ಟಿದಾಳೆ! ಹಿರೇಗುಂಟನೂರಲ್ಲಿ ನಾನು ಈ ಸುದ್ದಿ ಹೇಳದ ಮನೆ ಇಲ್ಲ. ಜನ ಮುಗಿದ ಮೇಲೆ ನಮ್ಮ ಕುರಿಗಳಿಗೂ ಹೇಳಿದೀನಿ. ಹೆರಿಗೆಯಾಗಿ ಐದು ತಿಂಗಳಿಂದ ತವರಲ್ಲಿದ್ದ ಸೊಸೆ, ಕೂಸು ಇಬ್ಬರನ್ನೂ ಕರ್ಕೊಂಡು ಬರೋಕೆ ಬುಧವಾರ ಮೊದಲನೇ ಬಸ್ಸು ಹತ್ತಿದೆ. ಮಗ ಹೊರಟಿದ್ದ, "ನೀನು ಕೂತ್ಕಳಲೇ, ನಾನು ಹೋಗ್ತೀನಿ" ಅಂತ ನಾನೇ ಹೋದೆ. ಸಂಜೆಗೆ ವಾಪಸ್ಸು ತಾನೇ ಅಂತ ಮೈಮೇಲಿನ ಬಟ್ಟೆ ಬಿಟ್ಟು ಇನ್ನೊಂದು ಒಯ್ಯಲಿಲ್ಲ. ಅಲ್ಲೇ ನೋಡ್ರಿ ಎಡವಟ್ಟಾಗಿದ್ದು!

"ಬಾಡಿಗೆ ಗಾಡಿ ಮಾಡ್ಕೊಂಡು ಹೋಗಾಣ ಬೀಗರೆ" ಅಂದೆ.

"ಏನಂದ್ರಿ? ನನ್ನ ಮೊಮ್ಮಗಳು ತವರಿಂದ ಬಾಡಿಗೆ ಗಾಡೀಲಿ ಹೋಗಬೇಕಾ? ಮದುವೆ ದಿನ ಅವರಮ್ಮನ್ನ ನಿಮ್ಮೂರಿಗೆ ಮುಟ್ಟಿಸಿದ್ದು ಇದೇ ಗಾಡಿ!"

"ಹೊಳಲ್ಕೆರೆವರೆಗೆ ಗಾಡಿ ಮುಟ್ಟಿಸ್ತು. ಅಲ್ಲಿಂದ ಮುಂದಕ್ಕೆ ಮುಟ್ಟಿಸಿದ್ದು ನನ್ನ ಮಗ, ಬಾಸಿಂಗ ಬಿಚ್ಚಿಟ್ಟು ಹಿಂದೆ ತಳ್ಳಿದವನು!"

ಬೀಗರು ಕೇಳಿಸದವರ ಹಾಗೆ ಹೋಗಿ ಸ್ಟೇರಿಂಗ್ ಮುಂದೆ ಕೂತರು. ತೊಟ್ಟಿಲು ಕಾರಿನ ಮೇಲೆ ಏರಿತು, ಸೊಸೆ ಕೂಸನ್ನ ಮಡಿಲಿಗೆ ಹಾಕ್ಕೊಂಡು ಹಿಂದೆ ಕೂತಳು. ಕೀ ತಿರುಗಿಸಿದರು. ಗರ್ ಗರ್ ಗರ್... ಆಮೇಲೆ ಸದ್ದೇ ಇಲ್ಲ. ಪೆಟ್ರೋಲ್ ವಾಸನೆ ಮಾತ್ರ ಗಮ್ಮಂತ ಬಂತು.

ಬೀಗರು ಬಾನೆಟ್ ಎತ್ತಿ ಮೂಸಿದರು. "ಕಾರ್ಬೊರೇಟರ್ ಓವರ್‌ಫ್ಲೋ ಆಗೈತೆ."

ಕಾರ್ಬೊರೇಟರ್ ಅಂದರೆ ಪೆಟ್ರೋಲನ್ನೂ ಗಾಳಿಯನ್ನೂ ಕಲಸಿ ಇಂಜಿನ್ನಿಗೆ ಉಣಿಸೋ ಡಬ್ಬಿಯಂತೆ. ಪೆಟ್ರೋಲ್ ಜಾಸ್ತಿ ನುಗ್ಗಿದರೆ ಪ್ಲಗ್ಗೆಲ್ಲ ತೊಯ್ದು ಕಿಡಿ ಹತ್ತಲ್ಲವಂತೆ. ಇದಕ್ಕೆ ಇಷ್ಟು ವಿದ್ಯೆ ಯಾಕೆ? ನಾನು ಮೂರನೇ ಕ್ಲಾಸಿಗೇ ಕುರಿ ಹಿಂದೆ ಹೋದವನು, ನನಗೇ ಗೊತ್ತಾಯ್ತು.

"ಬೀಗರೆ, ಇದು ಹಸಿ ಮೇವು ಜಾಸ್ತಿ ತಿಂದು ಹೊಟ್ಟೆ ಉಬ್ಬರಿಸಿದ ಕುರಿ. ಮೇವು ನಿಲ್ಲಿಸಿ, ಸ್ವಲ್ಪ ಹೊತ್ತು ಸುಮ್ಮನೆ ಬಿಡ್ರಿ."

"ಇದು ಕುರಿ ಅಲ್ಲ ಬೀಗರೆ!"

"ಕುರಿಯಾಗಿದ್ದರೆ ಇಷ್ಟೊತ್ತಿಗೆ ಹೊಸದುರ್ಗ ಸೇರಿರ್ತಿತ್ತು!"

ಸುಮ್ಮನೆ ಬಿಟ್ಟದ್ದೂ ಆಯ್ತು, ಅಷ್ಟರಲ್ಲಿ ರಾಹುಕಾಲ ಬಂದೂ ಆಯ್ತು. ಅದು ಮುಗಿದ ಮೇಲೆ ಹೊರಟರೆ ಊರು ಮುಟ್ಟೋದು ಮುಸ್ಸಂಜೆ. "ಮುಸ್ಸಂಜೇಲಿ ಎಳೇ ಕೂಸು ಹೊಸ ಹೊಸ್ತಿಲು ದಾಟಬಾರದು" ಅಂದರು ಬೀಗರು. ಸರಿ, ಉಳ್ಕೊಂಡೆ. ಉಡೋಕೆ ಅವರದೇ ಪಂಚೆ, ಅವರದೇ ಅಂಗಿ. ಬೀಗರು ಆನೆ, ನಾನು ಕಡ್ಡಿ. ಆ ಅಂಗಿಯ ಒಂದು ತೋಳಲ್ಲಿ ನಾನು ಪೂರ್ತಿ ಹಿಡೀತಿದ್ದೆ!

ಗುರುವಾರ ಬೀಗರು ಕಾರ್ಬೊರೇಟರನ್ನೇ ಬಿಚ್ಚಿ ಮೊರದಲ್ಲಿ ಹಾಕ್ಕೊಂಡು ಕೂತರು. ಒಳಗೊಂದು ತಗಡಿನ ಬೆಂಡು ಇರುತ್ತೆ. ಅದು ಪೆಟ್ರೋಲ್ ಮೇಲೆ ತೇಲಿ, ಸಾಕು ಅನ್ನೋ ಹೊತ್ತಿಗೆ ಪೆಟ್ರೋಲ್ ನುಗ್ಗೋ ಬಾಗಿಲು ಮುಚ್ಚಬೇಕು. ಬೆಂಡು ತೂತಾಗಿ ಒಳಗೆ ಪೆಟ್ರೋಲ್ ಹೋಗಿದ್ದರೆ ಮುಳುಗಿ ಕೂರುತ್ತೆ. ಬೀಗರು ಅದನ್ನ ಕಿವಿ ಹತ್ತಿರ ಹಿಡಿದು ಕೊಬ್ಬರಿಕಾಯಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದರು.

"ನೀರಿನ ಸದ್ದಿಲ್ಲ. ಗಟ್ಟಿ ಐತೆ."

"ಹಂಗಾರೆ ಒಡೆದು ಸಂತೆಗೆ ಹಾಕ್ರಿ!"

ಸೊಸೆ ಬಿದ್ದು ಬಿದ್ದು ನಕ್ಕಳು. ಅವಳನ್ನ ನೋಡಿ ಕೂಸೂ ನಕ್ಕಿತು ನೋಡ್ರಿ, ವಸಡು ಪೂರ್ತಿ ಕಾಣೋ ಹಾಗೆ! ಅದು ಇನ್ನೊಂದು ಸಲ ನಗಲಿ ಅಂತ ನಾನು ಅಂಗಳದಲ್ಲಿ ನಾಕು ಕಾಲಲ್ಲಿ ನಿಂತು ಅರ್ಧ ಗಂಟೆ ಕುರಿ ಕೂಗು ಕೂಗಿದೆ. ಕಾರೂ ಮರೆತೆ, ಊರೂ ಮರೆತೆ. ನೆನಪಾಗೋ ಹೊತ್ತಿಗೆ ಮತ್ತೆ ರಾಹುಕಾಲ!

"ನಾಳೆ ಹೊರಡಾಣ" ಅಂದೆ.

"ಶುಕ್ರವಾರ ಹೆಣ್ಣುಮಕ್ಕಳನ್ನ ತವರಿಂದ ಕಳಿಸ್ತಾರಾ ಬೀಗರೆ?"

ಶನಿವಾರ ಅಂತ ನಾನು ಬಾಯಿ ತೆಗೆಯೋ ಮೊದಲೇ ತಲೆ ಅಲ್ಲಾಡಿಸಿದರು. ಭಾನುವಾರ ಅಮಾವಾಸ್ಯೆ! ಅತ್ತ ಹಿರೇಗುಂಟನೂರಿಂದ ನನ್ನ ಹೆಂಡತಿ ದಿನಕ್ಕೆ ಮೂರು ಸಲ ಫೋನು. "ದಿನಾ ಆರತಿಗೆ ಕೆಂಪು ನೀರು ಕಲಸಿ ಕಲಸಿ ಚೆಲ್ತಿದೀನಿ. ನೀವು ಮೊಮ್ಮಗಳನ್ನ ತರೋಕೆ ಹೋದ್ರೋ, ಮನೆ ಅಳಿಯ ಆಗೋಕೆ ಹೋದ್ರೋ?" ಕೂಸನ್ನ ಅವಳಿನ್ನೂ ಒಂದು ಸಲಾನೂ ಸರಿಯಾಗಿ ಎತ್ಕೊಂಡಿಲ್ಲ, ಪಾಪ. ಹೆಸರಿಡೋಕೆ ಬಂದಾಗ ನೆಂಟರ ಗದ್ದಲದಲ್ಲಿ ಸರದಿಯೇ ಬಂದಿರಲಿಲ್ಲ.

ಇನ್ನು ತಡೆಯೋಕಾಗಲಿಲ್ಲ. ಸೋಮವಾರ ಎದ್ದವನೇ ಪ್ಲಗ್ಗುಗಳನ್ನ ಬಿಚ್ಚಿ ಒರೆಸಿ ಬಿಸಿಲಿಗಿಟ್ಟೆ. ರಾಹುಕಾಲ ಒಂಬತ್ತಕ್ಕೆ ಮುಗೀತು. ಬೀಗರು ಸ್ಟೇರಿಂಗ್ ಮುಂದೆ, ಸೊಸೆ ಕೂಸಿನ ಜೊತೆ ಹಿಂದೆ ಕೂತರು. ಪ್ಲಗ್ಗು ಹಾಕಿದೆ. ಬೀಗರು ಮತ್ತೆ ಜೋಡಿಸಿದ್ದ ಕಾರ್ಬೊರೇಟರಿನ ಮುಚ್ಚಳ ತೆಗೆದು ಅದರ ಬಾಯೊಳಗೆ ನೋಡಿದೆ. ಒಣಗಿ ಗರಿಗರಿ ಆಗಿತ್ತು!

"ಬೀಗರೆ, ಕಾಲು ಸುಮ್ಮನೆ ಇಟ್ಕಳ್ರಿ. ನಾನು ಹೇಳಿದಾಗ ಕೀ ತಿರುಗಿಸಿದರೆ ಸಾಕು" ಅಂತ ಕೂಗಿ ಮತ್ತೆ ಬಗ್ಗಿದೆ.

ಪಿಚಕ್! ಕಾರ್ಬೊರೇಟರಿನ ಬಾಯೊಳಗೆ ಪೆಟ್ರೋಲ್ ಚಿಮ್ಮಿತು.

ಕೀ ಇನ್ನೂ ಮುಟ್ಟಿಲ್ಲ. ಪಿಚಕ್! ಪಿಚಕ್! ಆಕ್ಸಿಲೇಟರ್ ತುಳಿದಾಗ ಮಾತ್ರ ಹಾಗೆ ಚಿಮ್ಮೋದು ಅಂತ ಗುರುವಾರ ನನಗೆ ಹೇಳಿಕೊಟ್ಟವರೇ ಬೀಗರು.

ಬಾನೆಟ್ ಪಕ್ಕದಿಂದ ಇಣುಕಿ ನೋಡಿದೆ. ಬೀಗರ ಕಣ್ಣು ನನ್ನ ಮೇಲಿಲ್ಲ, ರಸ್ತೆ ಮೇಲೂ ಇಲ್ಲ. ತಲೆ ಮೇಲಿನ ಕನ್ನಡಿಯಲ್ಲಿ ನೆಟ್ಟಿತ್ತು. ಕನ್ನಡಿಯಲ್ಲಿ ಕೂಸು ಮುಷ್ಟಿ ಬಾಯಲ್ಲಿಟ್ಕೊಂಡು ನಿದ್ದೆ ಹೋಗಿತ್ತು. ಕೆಳಗೆ ಅವರ ಬಲಗಾಲು ತೊಟ್ಟಿಲು ತೂಗೋರ ಹಾಗೆ ಮೆಲ್ಲಗೆ ತುಳೀತಾ ಇತ್ತು, ತುಳೀತಾ ಇತ್ತು. ಹಿಂದೆ ಕೂತ ಸೊಸೆ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಅವಳಿಗೆ ಗೊತ್ತಿತ್ತು.

ಬೈಯೋಣ ಅನ್ನಿಸಿತು. ಆದರೆ ಐದೇ ದಿನಕ್ಕೆ ನನ್ನ ಕೈ ಆ ಕೂಸನ್ನ ಬಿಡ್ತಿಲ್ಲ. ಅವರು ಐದು ತಿಂಗಳು ಎತ್ತಾಡಿಸಿದವರು.

ಬಾನೆಟ್ ಮುಚ್ಚಿ ಕಿಟಕಿ ಹತ್ತಿರ ಹೋದೆ.

"ಬೀಗರೆ, ನನಗೊಂದು ಅನುಮಾನ."

ಕಾಲು ನಿಂತಿತು. "ಏನ್ರಿ?"

"ಈ ಗಾಡಿ ನಮ್ಮೂರಿಗೆ ಹೋದ ಮೇಲೆ ಓವರ್‌ಫ್ಲೋ ಆಗಿ ಕೂತರೆ? ನಮ್ಮಲ್ಲಿ ಇದನ್ನ ಬಿಚ್ಚೋರು ಯಾರೂ ಇಲ್ಲ. ತಿಂಗಳಾದರೂ ಹೊರಡಲ್ಲ. ಯಾವುದಕ್ಕೂ ನಾಕು ಜೊತೆ ಬಟ್ಟೆ ಇಟ್ಕಳ್ರಿ."

ಬೀಗರು ನನ್ನನ್ನೇ ನೋಡಿದರು.

"ತಿಂಗಳು... ಆಗಬಹುದು ಅಂತೀರಾ?"

"ಜಾಸ್ತೀನೂ ಆಗಬಹುದು. ಹಳೇ ಗಾಡಿ ನೋಡ್ರಿ."

ಅಂಥಾ ಭಾರಿ ಆಳು ಚಂಗನೆ ಇಳಿದು ಒಳಗೆ ಓಡಿ ಚೀಲ ತುಂಬ್ಕೊಂಡು ಬಂದರು. ಬೀಗಿತ್ತಿಯವರು ಓಡಲಿಲ್ಲ, ಬಂದು ಆರಾಮಾಗಿ ಮಗಳ ಪಕ್ಕ ಕೂತರು. ಅವರ ಚೀಲ ಬುಧವಾರದಿಂದಲೇ ಡಿಕ್ಕಿಯಲ್ಲಿತ್ತು! ಅರ್ಧ ಗಂಟೆ ಬಿಟ್ಟು ಬೀಗರು ಕೀ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆದ ಕಾರು ಹಿರೇಗುಂಟನೂರವರೆಗೆ ಒಂದು ಸಲ ಕೆಮ್ಮಲಿಲ್ಲ.

ಈಗ ಅದು ನಮ್ಮ ಕುರಿಹಟ್ಟಿ ಪಕ್ಕ ನಿಂತೈತೆ. ಕೂಸಿನ ಸರದಿಗೆ ನನ್ನ ಹೆಂಡತಿಗೂ ಬೀಗರಿಗೂ ದಿನಾ ಜಗಳ. ನಿನ್ನೆ ಬೀಗರು ಗಂಟಲು ಸರಿ ಮಾಡ್ಕೊಂಡು, "ತೋಟ ಬಿಟ್ಟು ಬಾಳ ದಿನ ಆಯ್ತು ಬೀಗರೆ, ನಾಳೆ ಹೊರಡ್ತೀವಿ" ಅಂದರು.

ಆಗಲಿ ಅಂದೆ. ಇವತ್ತು ಬೆಳಗ್ಗೆ ಅವರು ಜಗಲಿ ಮೇಲೆ ಕೂಸನ್ನ ಎದೆಗೆ ಹಾಕ್ಕೊಂಡು ಕೂತಿದ್ದಾಗ, ನಾನು ಸದ್ದಿಲ್ಲದೆ ಹೋಗಿ ಕಾರಿನ ಬಾಗಿಲು ತೆಗೆದು, ಆ ಪೆಡಲ್ಲನ್ನ ಇಪ್ಪತ್ತು ಸಲ ತುಳಿದು ಬಂದೆ.