ಬ್ಯಾರನ್ ಮುಂದೆ ಮಹಾಕಾವ್ಯ

ಉದ್ದದ ಕತೆ ಕೇಳುವುದು ಕೆಲಸವಿಲ್ಲದವರ ಕೆಲಸ ಎಂದೇ ನಾನು ಇಷ್ಟು ಕಾಲ ತಿಳಿದಿದ್ದೆ. ಹೇಳಬೇಕಾದ್ದಾದರೂ ಏನು? ಒಬ್ಬ ಹುಟ್ಟಿದ, ಹೊಡೆದಾಡಿದ, ಗೆದ್ದ ಇಲ್ಲವೇ ಸತ್ತ. ಇಷ್ಟಕ್ಕೆ ಎಲೆ ಅಡಿಕೆ ಹಾಕಿಕೊಂಡು ಉಗುಳಿ ಬರುವಷ್ಟು ಹೊತ್ತು ಸಾಕು. ನಮ್ಮ ಯಜಮಾನರು ಹಾಗಲ್ಲ. ತಂಬೂರಿಯವರು ಕತೆ ಹಾಡುತ್ತಾರೆಂದರೆ ಹಾರನಹಳ್ಳಿಯಾಚೆಗೂ ನಡೆದೇ ಹೋಗುತ್ತಿದ್ದರು. ಹಸುವಿಗೆ ಹುಲ್ಲು ತರುವಾಗ ಮಾತ್ರ ಅವರಿಗೆ ಮಂಡಿನೋವು. ಅವರು ಹೋಗಿ ವರ್ಷವಾಯಿತು. ವರ್ಷದ ತಿಥಿಗೆ ತಂಬೂರಿ ಕತೆ ಮಾಡಿಸಲೇಬೇಕೆಂದು ಮಗ ಹಟ ಹಿಡಿದ. ಬದುಕಿದ್ದಾಗ ಕೇಳಿದ್ದು ಸಾಲದೇ ಎಂದೆ. ನನ್ನ ಮಾತು ನಡೆಯಲಿಲ್ಲ.

ತೊಂದರೆ ಇದ್ದದ್ದು ಬ್ಯಾರನ್‌ನದು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ನೇತುಹಾಕಿ ಬೇಯಿಸುವ ಎತ್ತರದ ಕೋಣೆ ಅದು. ಹೊರಗಿನಿಂದ ಒಲೆಗೆ ಸೌದೆ ಹಾಕುತ್ತಲೇ ಇರಬೇಕು. ಎಲೆ ಒಣಗಿ ದಂಟು ಒಣಗುವ ಹೊತ್ತಿನಲ್ಲಿ ಬಿಸಿ ಇಳಿದರೆ ದಂಟಿನ ನೀರು ಎಲೆಗೆ ಹತ್ತಿ ಕಪ್ಪು ಗೆರೆ ಬೀಳುತ್ತದೆ. ಅಂಥ ಎಲೆಯನ್ನು ಹರಾಜಿನಲ್ಲಿ ಯಾರೂ ಮುಟ್ಟಿ ನೋಡುವುದಿಲ್ಲ. ತಿಥಿ ಬಂದದ್ದು ಸರಿಯಾಗಿ ಆ ಹದಕ್ಕೇ. ಮಗ ತನ್ನ ಸೋದರತ್ತೆಯನ್ನು ಕರೆತರಲು ಆಟೋದಲ್ಲಿ ಕೆ.ಆರ್. ನಗರಕ್ಕೆ ಹೋದ. ಸೊಸೆಗೆ ಅಡುಗೆ. ಒಲೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಆದರೆ ಕತೆಗೆ ದೀಪ ಹಚ್ಚಿದವರು ಮಂಗಳ ಹಾಡುವವರೆಗೆ ದೀಪ ಬಿಟ್ಟು ಏಳಬಾರದು. ಮನೆಗೆ ಹಿರಿಯಳೆಂದು ದೀಪ ಹಚ್ಚಿಸಿದ್ದು ನನ್ನ ಕೈಯಲ್ಲೇ. ಆಗ ಯಾರಿಗೂ ಒಲೆಯ ನೆನಪಾಗಲಿಲ್ಲ. ನನಗೂ ಆಗಲಿಲ್ಲ, ಆ ಮಾತು ಬೇರೆ.

ಮೈಸೂರಿನಲ್ಲಿ ಎಂ.ಎ. ಓದುವ ಮೊಮ್ಮಗಳು ರಂಜಿತಾ ಪಕ್ಕದಲ್ಲೇ ಕೂತಿದ್ದಳು. ಲೋಕದ ಮಹಾಕಾವ್ಯಗಳ ಲಕ್ಷಣ ಏನೇನು ಅಂತ ಪರೀಕ್ಷೆಗೆ ಬರುತ್ತದಂತೆ. ಸಮುದ್ರದಾಚೆಯವರದಾಗಲಿ, ಹಿಮದ ಸೀಮೆಯವರದಾಗಲಿ, ಮೊದಲು ದೇವರನ್ನು ಕರೆಯುತ್ತಾರಂತೆ. ಕತೆ ನಡುವಿನಿಂದ ಶುರುವಾಗುತ್ತದಂತೆ. ನಾಯಕ ನಮ್ಮ ನಿಮ್ಮ ಹಾಗಿರುವುದಿಲ್ಲ, ಅವನ ಬದುಕಿನಲ್ಲಿ ದೇವರು ಕೈಹಾಕದೆ ಬಿಡುವುದಿಲ್ಲ. ಪಾತಾಳಕ್ಕೆ ಇಳಿದು ಹತ್ತಿ ಬರಬೇಕು. ಕುದುರೆ, ಕತ್ತಿ, ದಂಡು ಒಂದೊಂದನ್ನೂ ಬಣ್ಣಿಸಬೇಕು. ನಡುವಿನಿಂದ ಅಂದಾಗ ನನಗೆ ಜೀವ ಬಂತು, ಅರ್ಧ ಉಳಿಯಿತಲ್ಲ ಎಂದೆ.

"ಹಂಗಲ್ಲ ಅಜ್ಜಿ, ಬಿಟ್ಟಿದ್ದನ್ನ ಆಮೇಲೆ ಹೇಳ್ತಾರೆ," ಎಂದಳು.

ತಂಬೂರಿ ಸಿದ್ದಯ್ಯ ದೇವರನ್ನು ಕರೆಯಲು ತೊಡಗಿದ. ಅಂತರಸಂತೆಯ ಕಾಡಿನವರಿಂದ ಸಾಲಿಗ್ರಾಮದ ಹೊಳೆದಂಡೆಯವರ ತನಕ ಒಬ್ಬರನ್ನೂ ಬಿಡಲಿಲ್ಲ. ಕೇಳಿಸದವರು ಮುನಿದಾರೆಂದು ಮತ್ತೊಮ್ಮೆ ಕರೆದ. ರಂಜಿತಾ ತಲೆಯಾಡಿಸಿ ಗುರುತು ಹಾಕಿಕೊಂಡಳು. ನನ್ನ ಕಣ್ಣು ಬ್ಯಾರನ್ ಹೊಗೆಯ ಮೇಲೆ. ಅದು ತೆಳುವಾಗುತ್ತಿತ್ತು. ಸಿದ್ದಯ್ಯ ಆಗ ತಾನೇ ಕುದುರೆಯ ಕಡಿವಾಣಕ್ಕೆ ಬಂದಿದ್ದ.

"ಸಿದ್ದಯ್ಯ, ಕುದ್ರೆ ಸಿಂಗಾರ ಆಮ್ಯಾಕೆ ಮಾಡೀವಂತೆ. ಬ್ಯಾರನ್ ಆರ್ತಾ ಅದೆ. ಬ್ಯಾಗ ಆ ಮಗನ್ನ ಗೆಲ್ಸ್‌ಬುಡು," ಎಂದೆ.

ಅವನು ತಂತಿಯಿಂದ ಬೆರಳು ತೆಗೆಯಲಿಲ್ಲ. "ಅವನಿನ್ನೂ ಉಟ್ಟೇ ಇಲ್ವಲ್ಲವ್ವ. ಈ ಕುದ್ರೆ ಅವನಪ್ಪಂದು."

ದೀಪ ಬಿಟ್ಟು ಏಳಬಾರದು, ಸರಿ. ದೀಪ ಎತ್ತಿಕೊಂಡು ಏಳಬಾರದೆಂದು ಯಾರೂ ಹೇಳಿರಲಿಲ್ಲ. ನಾನು ದೀಪಕ್ಕೆ ಸೆರಗು ಮರೆ ಮಾಡಿ ಬ್ಯಾರನ್ ಕಡೆ ನಡೆದೆ. ಸಿದ್ದಯ್ಯ ಹಾಡುತ್ತಲೇ ಹಿಂದೆ ಬಂದ. ಬಂದ ನೆಂಟರೆಲ್ಲ ಚಾಪೆ ಸುತ್ತಿಕೊಂಡು ಬಂದರು. ಒಲೆಯ ಬಾಯಿಗೆ ಮಣೆ ಹಾಕಿಕೊಂಡು ಕೂತೆ. ಒಲೆಗೆ ಬೇಕಾದಷ್ಟು ತುಂಬಿ, ಮುಂದಿನ ಸಲಕ್ಕೆಂದು ಒಂದು ತೆಕ್ಕೆ ಸೌದೆ ಮಡಿಲಲ್ಲಿಟ್ಟುಕೊಂಡೆ. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ.

ಹುಡುಗ ಅಂತೂ ಹುಟ್ಟಿದ, ಬೆಳೆದ, ಪಾತಾಳಕ್ಕೆ ಹೊರಟ. ಹೋಗುವಾಗ ತಾಯಿಗೆ, ನಾನು ಬರುವ ತನಕ ಒಲೆ ಆರಿಸಬೇಡ, ಆ ಹೊಗೆಯೇ ನನಗೆ ದಾರಿ ಎಂದು ಹೇಳಿ ಹೋದ. ಅವಳ ಸೌದೆ ಮುಗಿಯಿತು. ಸೂರಿನ ಹುಲ್ಲು ಕಿತ್ತು ಹಾಕಿದಳು. ಒನಕೆ ಹಾಕಿದಳು. ಮಂಚದ ಕಾಲು ಮುರಿದಳು. ನನಗೆ ತಡೆಯಲಾಗಲಿಲ್ಲ, ಪಕ್ಕದ ಮನೆಯಲ್ಲಿ ಕೇಳಬಾರದೇ ಎಂದೆ.

"ಕಾಡು ಕಣವ್ವ. ಪಕ್ಕದ ಮನೆ ಎಲ್ಲಿಂದ ತರ್ಲಿ?" ಎಂದ ಸಿದ್ದಯ್ಯ.

ಮಂಚದ ಎರಡನೆಯ ಕಾಲೂ ಹೋಯಿತು. ಇನ್ನೇನು ಸುಡುತ್ತಾಳೆ ಇವಳು ಎಂದು ಸಿದ್ದಯ್ಯನ ಬಾಯನ್ನೇ ನೋಡುತ್ತಿದ್ದೆ. ಆಗಲೇ ಮಗ ಆಟೋ ಇಳಿದು ಬಂದವನು ಒಲೆಯ ಬಾಗಿಲು ಮುಟ್ಟಿ ನೋಡಿದ.

"ಅವ್ವ, ಒಲೆ ಆರೋಗದೆ. ಸೌದೆ ಇರ್ನಿಲ್ವಾ?"

ಸೌದೆಯನ್ನು ನಾನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದೆ.

ನಾನು ಬಗ್ಗಿ ಊದಿ ಊದಿ, ಕಣ್ಣಿಗೆಲ್ಲ ಹೊಗೆ ತುಂಬಿ ಉರಿ ಹತ್ತುವ ಹೊತ್ತಿಗೆ ಸಿದ್ದಯ್ಯ ಮಂಗಳ ಹಾಡಿ ಮುಗಿಸಿದ್ದ. ಕತೆಯ ಕೊನೆ ನನ್ನ ಕಿವಿಗೆ ಬೀಳಲಿಲ್ಲ. ಬ್ಯಾರನ್ ತೆಗೆದಾಗ ಅರ್ಧ ಎಲೆಗೆ ಕಪ್ಪು ಗೆರೆ. ಮಗ ಅಂಥ ಒಂದೊಂದು ಎಲೆಯನ್ನೂ ನನ್ನ ಮುಂದೆ ಹಿಡಿದು ತೋರಿಸಿ ಬೇರೆ ಹಾಕಿದ. ರಂಜಿತಾಗೆ ಮಾತ್ರ, ನಡುವಿನಿಂದ ಶುರುವಾಗುವುದೊಂದು ಬಿಟ್ಟು, ಲಕ್ಷಣವೆಲ್ಲ ಹೊಂದಿತೆಂದು ಖುಷಿ. ಹುಡುಗ ಪಾತಾಳದಿಂದ ಬಂದನೇ ಎಂದು ಅವಳನ್ನು ಕೇಳಿದೆ. ಲಕ್ಷಣದ ಪ್ರಕಾರ ಬಂದೇ ಬರುತ್ತಾನೆ ಎಂದಳು. ಬರಲಿ. ಆ ತಾಯಿ ಮಂಚ ಮುಗಿದ ಮೇಲೆ ಏನು ಹಾಕಿದಳು? ಅದನ್ನು ರಂಜಿತಾ ಬರೆದುಕೊಂಡಿರಲಿಲ್ಲ.

ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ ಇನ್ನೊಮ್ಮೆ ಬಂದು ಹಾಡು ಎಂದು ಸಿದ್ದಯ್ಯನಿಗೆ ಹೇಳಿಕಳಿಸಿದ್ದೇನೆ. ಕೇಳಿದವರಿಗೆ ಮೊಮ್ಮಗಳ ಓದಿಗೆ ಬೇಕಂತೆ ಎನ್ನುತ್ತೇನೆ. ಅವಳ ಪರೀಕ್ಷೆ ಮುಗಿದುಹೋಗಿದೆ.